ಕಾರ್ಟೂನ್ ಎಂದರೆ ಬರೀ ಮಕ್ಕಳಾಟವೇ?



ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ ಡೊಂಬಿವಲಿಯಿಂದ ತಾಯಿಯೊಬ್ಬರು ಫೋನ್ ಮಾಡಿದ್ದರು. "ಮೇಡಂ, ಮಗ ಕಾರ್ಟೂನ್ ನೋಡ್ತಾನೆ ಅಂತ ನಿಶ್ಚಿಂತೆಯಿಂದ ಇದ್ದೆ. ನಿನ್ನೆ ಪಕ್ಕದಲ್ಲಿ ಕೂತು ನೋಡಿದರೆ ಬರೀ ಬೈಗುಳ! ಇದೆಂಥ ಕಾರ್ಟೂನ್?" ಎಂದರು. ಮಗ ಒಂಬತ್ತನೇ ಕ್ಲಾಸು. ಅವರ ಪ್ರಶ್ನೆ ನಿಮ್ಮ ಮನೆಯದೂ ಆಗಿರಬಹುದು. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

ವ್ಯಂಗ್ಯಚಿತ್ರ ಎಂದಾಕ್ಷಣ ಮುಂಬಯಿಗರಿಗೆ ನೆನಪಾಗುವವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು 1942ರಲ್ಲಿ ಶುರುಮಾಡಿದ 'ಕೊರವಂಜಿ' ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಹುಡುಗ, ಮುಂದೆ ಈ ನಗರಕ್ಕೆ ಬಂದು 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ಅವರ 'ಯು ಸೆಡ್ ಇಟ್' ಅಂಕಣದಲ್ಲಿ ಚೌಕಳಿ ಕೋಟಿನ ಶ್ರೀಸಾಮಾನ್ಯ ತುಟಿ ಬಿಚ್ಚದೆ ದಶಕಗಳ ಕಾಲ ಮಂತ್ರಿಗಳನ್ನು ನೋಡುತ್ತಾ ನಿಂತ. ಆ ಚಿತ್ರಗಳು ಮಕ್ಕಳಿಗೆಂದು ಬರೆದವಲ್ಲ. ಆದರೂ ಎಷ್ಟು ಮನೆಗಳಲ್ಲಿ ಮಕ್ಕಳು ಅಪ್ಪನ ಕೈಯ ಪೇಪರಿನಲ್ಲಿ ಮೊದಲು ಹುಡುಕಿದ್ದು ಅದನ್ನೇ ಅಲ್ಲವೇ? ಅರ್ಥವಾಗದಿದ್ದರೆ ಅಪ್ಪ ಹೇಳಿಕೊಡುತ್ತಿದ್ದರು.

ಚಿತ್ರ ಚಲಿಸತೊಡಗಿದ ಕಥೆಗೂ ಮುಂಬಯಿಯೇ ನೆಲೆ. 1956ರಲ್ಲಿ ಫಿಲ್ಮ್ಸ್ ಡಿವಿಷನ್ ಇಲ್ಲಿ ಕಾರ್ಟೂನ್ ಫಿಲ್ಮ್ ಘಟಕ ತೆರೆಯಿತು. ಡಿಸ್ನಿ ಸ್ಟುಡಿಯೋದಲ್ಲಿ ಪಳಗಿದ ಕ್ಲೇರ್ ವೀಕ್ಸ್ ನಮ್ಮ ಹುಡುಗರಿಗೆ ತರಬೇತಿ ಕೊಟ್ಟರು. ಜಾತಕ ಕಥೆಯ 'ದಿ ಬನಿಯನ್ ಡೀರ್' 1957ರಲ್ಲಿ ಬಂತು. ಅಲ್ಲಿ ಕಲಿತ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯಣ್ಣ ಎನಿಸಿದರು. ಲಕ್ಷ್ಮಣರ ಅಂಕಣದ ಹೆಸರನ್ನೇ ಹೊತ್ತ ಅವರ 1972ರ 'ಯು ಸೆಡ್ ಇಟ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. 1990ರ ದಶಕದಲ್ಲಿ ಯುನಿಸೆಫ್‌ಗಾಗಿ ಅವರು 'ಮೀನಾ'ಳನ್ನು ರೂಪಿಸಿದರು. ಅಣ್ಣತಮ್ಮಂದಿರಿಗೆ ದೊಡ್ಡ ಪಾಲು, ಹುಡುಗಿಗೆ ಚಿಕ್ಕ ಪಾಲು ಏಕೆ ಎಂದು ಮಾವಿನ ಹಣ್ಣೊಂದನ್ನು ಮುಂದಿಟ್ಟು ಕೇಳಿದ ಪುಟ್ಟ ಹುಡುಗಿ ಅವಳು. ವರದಕ್ಷಿಣೆ, ಬಾಲ್ಯವಿವಾಹ ಎಲ್ಲವೂ ಅವಳ ಕಥೆಯೊಳಗೆ ಬಂದವು. ಮೀನಾ ನಮ್ಮ ರೇಡಿಯೋಗೂ ಬಂದಳು ಎಂಬುದು ನನಗೆ ಹೆಮ್ಮೆ!

ಇಷ್ಟು ದಿನ ಕಾರ್ಟೂನ್ ಉಪದೇಶ ಮಾಡುತ್ತಿತ್ತು. ಅತ್ತ ಅಮೆರಿಕದಲ್ಲಿ ಅದು ಕುಟುಕಲು ಕಲಿಯಿತು. 1989ರ ಡಿಸೆಂಬರಿನಲ್ಲಿ 'ದಿ ಸಿಂಪ್ಸನ್ಸ್' ಧಾರಾವಾಹಿಯಾಗಿ ಶುರುವಾಯಿತು. ಸೋಮಾರಿ ಅಪ್ಪ, ತುಂಟ ಮಗ. 1992ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಅವರೇ ನಮ್ಮ ಸಂಸಾರಗಳು ಈ ಸಿಂಪ್ಸನ್‌ಗಳಂತೆ ಆಗಬಾರದು ಎಂಬರ್ಥದ ಮಾತಾಡಿ ಸುದ್ದಿಯಾದರು. 1997ರಲ್ಲಿ ಬಂದ 'ಸೌತ್ ಪಾರ್ಕ್' ಇನ್ನೂ ಖಾರ. ಪಾತ್ರಗಳು ಪ್ರೈಮರಿ ಶಾಲೆಯ ಹುಡುಗರು, ಆದರೆ ಕಾರ್ಯಕ್ರಮಕ್ಕೆ ಅಲ್ಲಿನ ಟೀವಿಯವರು ಕೊಟ್ಟ ದರ್ಜೆ ವಯಸ್ಕರದು. ನಾವು ಹೆತ್ತವರು ಎಡವುವುದು ಇಲ್ಲೇ. ಗೊಂಬೆಯ ಮುಖ ನೋಡಿ ಒಳಗಿನ ಮಾತೂ ಮಗುವಿನದೇ ಅಂದುಕೊಳ್ಳುತ್ತೇವೆ.

ಹಾಗಾದರೆ ಏನು ಮಾಡೋಣ?

ಮೊದಲು, ದರ್ಜೆ ನೋಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಓಟಿಟಿ ಕಾರ್ಯಕ್ರಮಗಳಿಗೆ ಯು, ಯು/ಎ 7+, 13+, 16+ ಮತ್ತು ಎ ಎಂಬ ಗುರುತು ಇರಬೇಕು. 13+ರಿಂದ ಮೇಲಿನವುಗಳಿಗೆ ಹೆತ್ತವರು ಬೀಗ ಹಾಕುವ ಅನುಕೂಲವೂ ಇರಬೇಕು. ಪಿನ್ ನಂಬರ್ ಮಾತ್ರ ಮಗನನ್ನೇ ಕೇಳಿ ಹಾಕಿಸಬೇಡಿ!

ಎರಡನೆಯದು, ಒಂದು ಕಂತನ್ನಾದರೂ ಜೊತೆಗೆ ಕೂತು ನೋಡಿ. ನಗು ಯಾರ ಮೇಲೆ ಎಂದು ಗಮನಿಸಿ. ಅಧಿಕಾರದಲ್ಲಿರುವವರನ್ನು, ನಮ್ಮದೇ ಡಾಂಭಿಕತನವನ್ನು ನಗುವುದು ವಿಡಂಬನೆ. ಬಡವರನ್ನು, ಕಪ್ಪುಬಣ್ಣದವರನ್ನು, ಅಂಗವಿಕಲರನ್ನು ನಗುವುದು ಬರೀ ಚುಚ್ಚುಮಾತು. ಕೆಲವು ಕಾರ್ಟೂನುಗಳಲ್ಲಿ ಎರಡೂ ಬೆರೆತಿರುತ್ತವೆ. ಹದಿಮೂರರ ಹುಡುಗನಿಗೆ ಆ ವ್ಯತ್ಯಾಸ ತಾನಾಗಿ ತಿಳಿಯದು. ಬೈಗುಳ ಬೇಗ ಬಾಯಿಗೆ ಬರುತ್ತದೆ, ಅದರ ಹಿಂದಿನ ಕುಟುಕು ತಡವಾಗಿ ತಲೆಗೆ ಹೋಗುತ್ತದೆ.

ಮೂರನೆಯದು ನನ್ನ ಸ್ವಂತ ಸಲಹೆ. ಮಗ ನಕ್ಕಾಗ, "ಏನಪ್ಪಾ ಅದು, ನನಗೆ ಕನ್ನಡದಲ್ಲಿ ಹೇಳು" ಎನ್ನಿ. ಹೇಳಲು ನಾಚಿದರೆ ಅವನಿಗೇ ಗೊತ್ತಾಗುತ್ತದೆ, ಇದು ಅಮ್ಮನ ಮುಂದೆ ಆಡುವ ಮಾತಲ್ಲ ಎಂದು. ಹೇಳಿದರೆ ಇನ್ನೂ ಒಳ್ಳೆಯದು. ಮಾತುಕತೆ ಶುರುವಾಯಿತಲ್ಲ! ಲೋಕಲ್ ಟ್ರೇನು, ಕ್ಲಾಸು, ಟ್ಯೂಷನ್ನುಗಳ ನಡುವೆ ಕನ್ನಡ ಉಳಿಯುವುದಾದರೆ ಅದು ಊಟದ ತಟ್ಟೆಯ ಮುಂದೆ, ಇಂಥ ಮಾತುಗಳಲ್ಲೇ.

ಡೊಂಬಿವಲಿಯ ಆ ತಾಯಿಗೂ ಇದನ್ನೇ ಹೇಳಿದೆ. ಟೀವಿ ಒಡೆಯಬೇಡಿ, ಪಕ್ಕದಲ್ಲಿ ಕೂರಿ. ಅಂದು ಪೇಪರ್ ಹಿಡಿದ ಅಪ್ಪ ಮಾಡಿದ್ದೂ ಅದನ್ನೇ.

ನಿಮ್ಮ ಮನೆಯ ಅನುಭವವನ್ನೂ ನಮಗೆ ಬರೆದು ತಿಳಿಸಿ.