ಅನಾಬಾಲಿಕ್ ಸ್ಟೀರಾಯ್ಡ್‌ಗಳು

ಟೆಸ್ಟೋಸ್ಟಿರಾನ್ ಹಾರ್ಮೋನು ಮತ್ತು ಅದನ್ನು ಹೋಲುವ ಕೃತಕ ಔಷಧಗಳ ವರ್ಗ. ಅಸ್ತಮಾ, ಸಂಧಿವಾತಗಳಿಗೆ ಕೊಡುವ ಕಾರ್ಟಿಕೋಸ್ಟೀರಾಯ್ಡ್‌ಗಳು ಬೇರೆ.

ಕ್ರಿಯೆ: ಸ್ನಾಯುಕೋಶದ ಆಂಡ್ರೊಜನ್ ಗ್ರಾಹಕಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ಹೆಚ್ಚಿಸುತ್ತವೆ. ಹೊರಗಿನಿಂದ ಹಾರ್ಮೋನು ಬರುತ್ತಿದ್ದಂತೆ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸೂಚನೆ ಕಳಿಸುವುದನ್ನು ತಗ್ಗಿಸುತ್ತದೆ. ವೃಷಣಗಳು ಕುಗ್ಗಿ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ.

ಉಪಯೋಗ: ಟೆಸ್ಟೋಸ್ಟಿರಾನ್ ಕೊರತೆ, ತಡವಾದ ಪ್ರೌಢಾವಸ್ಥೆ, ಕೆಲವು ಬಗೆಯ ರಕ್ತಹೀನತೆ, ದೀರ್ಘ ಕಾಯಿಲೆಯಿಂದ ಮೈ ಸೊರಗುವಿಕೆ. ವೈದ್ಯರ ನಿಗಾ ಕಡ್ಡಾಯ.

ಅಪಾಯ: ಒಳ್ಳೆಯ ಕೊಲೆಸ್ಟರಾಲ್ ಕುಸಿತ, ಹೃದಯಸ್ನಾಯು ದಪ್ಪವಾಗುವಿಕೆ, ಯಕೃತ್ತಿಗೆ ಹಾನಿ, ಸಿಡುಕು, ಖಿನ್ನತೆ. ಗಂಡಸರಲ್ಲಿ ಸ್ತನ ಬೆಳೆಯಬಹುದು. ಹೆಂಗಸರಲ್ಲಿ ಒಡೆದ ದನಿ ಮತ್ತೆ ಮೊದಲಿನಂತಾಗದಿರಬಹುದು. ಹದಿಹರೆಯದವರಲ್ಲಿ ಮೂಳೆಯ ಬೆಳವಣಿಗೆ ಬೇಗನೆ ನಿಂತು ಎತ್ತರ ಕುಂಠಿತವಾಗುತ್ತದೆ.

ಕ್ರೀಡೆ: ಒಲಿಂಪಿಕ್ಸ್‌ನಲ್ಲಿ ಇವುಗಳ ಪರೀಕ್ಷೆ ಮೊದಲು ನಡೆದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರ ಮಾದರಿಯಲ್ಲಿ 2011ರಲ್ಲಿ ಮೆಥಾಂಡೈನೋನ್ ಎಂಬ ಇಂಥ ಸ್ಟೀರಾಯ್ಡ್ ಪತ್ತೆಯಾಯಿತು. ಜಿನ್ಸೆಂಗ್ ಪೂರಕದ ಕಲಬೆರಕೆ ಕಾರಣವೆಂಬುದು ಅವರ ವಾದ. ಮೊದಲು ವಿಧಿಸಿದ ಒಂದು ವರ್ಷದ ನಿಷೇಧ 2012ರಲ್ಲಿ ಎರಡು ವರ್ಷಕ್ಕೇರಿತು. ಜಿಮ್‌ನಲ್ಲಿ ಕೈಗಿತ್ತ ಡಬ್ಬಿಯನ್ನು ನಂಬುವ ಪ್ರತಿ ಯುವಕ, ಯುವತಿಗೂ ಇದು ಪಾಠ.