ಚಿಕ್ಕಬಳ್ಳಾಪುರ ಸೀಮೆಯ ಸಾರ್ವಜನಿಕ ಸ್ಥಳಗಳೂ ಅಂಗವಿಕಲರ ಪ್ರವೇಶಾಧಿಕಾರವೂ

ಸಾರ್ವಜನಿಕ ಕಟ್ಟಡವೆಂದರೆ ಸರ್ವರೂ ಪ್ರವೇಶಿಸಬಹುದಾದ ಕಟ್ಟಡವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕಚೇರಿಯ ಮುಂದಿನ ಮೂರು ಮೆಟ್ಟಿಲುಗಳು ಆ ಸರ್ವರಲ್ಲಿ ಎಷ್ಟೋ ಜನರನ್ನು ಹೊರಗೆ ನಿಲ್ಲಿಸುತ್ತವೆ. ಹೀಗೆ ಹೊರಗುಳಿದವರ ವಿಷಯದಲ್ಲಿ ಬಹುಕಾಲದಿಂದ ಎರಡು ಸಮಾಧಾನಗಳನ್ನು ಹೇಳುತ್ತ ಬರಲಾಗಿದೆ. ಅಂಗವೈಕಲ್ಯವು ವಿಧಿಯ ಫಲ, ಮರುಕವೇ ಅದಕ್ಕೆ ಮದ್ದು ಎಂಬುದು ಒಂದು. ಕಟ್ಟಡಗಳು ಹಳೆಯವು, ಈಗ ಮಾಡತಕ್ಕದ್ದೇನೂ ಇಲ್ಲ ಎಂಬುದು ಇನ್ನೊಂದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಪಟ್ಟಣಗಳ ಇತಿಹಾಸದ ಬೆಳಕಿನಲ್ಲಿ ಈ ಎರಡು ಸಮಾಧಾನಗಳು ಎಷ್ಟರಮಟ್ಟಿಗೆ ನಿಲ್ಲತಕ್ಕವು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮರುಕದ ಪರಂಪರೆಯನ್ನು ಹಗುರವಾಗಿ ಕಾಣುವಂತಿಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಶಾಸನಾಧಾರವೇ ಉಂಟು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವು, ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನ ದೊರೆಯುತ್ತಿದ್ದುದನ್ನೂ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದುದನ್ನೂ ತಿಳಿಸುತ್ತದೆ. ಅಂದಿನ ಧರ್ಮಬುದ್ಧಿಗೆ ಇದು ಉಜ್ಜ್ವಲ ನಿದರ್ಶನ. ಆದರೂ ಇಲ್ಲಿ ಅಂಗವಿಕಲನು ದಾನವನ್ನು ಪಡೆಯುವವನೇ ಹೊರತು ಹಕ್ಕಿನಿಂದ ಕೇಳುವವನಲ್ಲ.

ಆಧುನಿಕ ಆಡಳಿತವು ಎಣಿಕೆಯನ್ನು ತಂದಿತು. ೧೮೮೧ರಿಂದ ೧೯೩೧ರವರೆಗಿನ ಜನಗಣತಿಗಳಲ್ಲಿ ಬುದ್ಧಿವಿಕಲರು, ಕಿವುಡ-ಮೂಕರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕು ವರ್ಗಗಳನ್ನು ಲೆಕ್ಕ ಹಾಕಲಾಯಿತು. ಕಾಲಿನ ಬಲವಿಲ್ಲದವರಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇರಲಿಲ್ಲವೆಂಬುದು ಗಮನಾರ್ಹ. ಮೆಟ್ಟಿಲೇರಲಾರದವನು ಲೆಕ್ಕಕ್ಕೇ ಬಾರದ ಕಾಲದಲ್ಲಿ ಮೆಟ್ಟಿಲನ್ನು ಕುರಿತು ಯಾರೂ ಚಿಂತಿಸದಿದ್ದುದು ಆಶ್ಚರ್ಯವಲ್ಲ. ೧೯೪೧ರಲ್ಲಿ ಈ ಎಣಿಕೆಯೂ ನಿಂತು, ೧೯೮೧ರಲ್ಲಿ ಮತ್ತೆ ಆರಂಭವಾಯಿತು. ೨೦೧೧ರ ಗಣತಿಯು ಎಂಟು ವರ್ಗಗಳನ್ನು ಗುರುತಿಸಿ, ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು ೧೩.೨೪ ಲಕ್ಷವೆಂದು ತೋರಿಸಿತು.

ಇನ್ನು ವಿಧಿಯ ಮಾತು. ನಂದಿಯ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ ಮೊದಲಾದ ನದಿಗಳು ಹುಟ್ಟಿದರೂ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬಾವಿಗಳೇ ಇಲ್ಲಿನ ಜೀವಾಧಾರವಾಗಿದ್ದುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿಗಳು ಹೆಚ್ಚಿ, ಜನರು ಆಳದ ನೀರನ್ನೇ ಕುಡಿಯಬೇಕಾಯಿತು. ಗಟ್ಟಿಶಿಲೆಯ ಬಿರುಕುಗಳಲ್ಲಿ ನಿಂತ ಆ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶವು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಅಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಮೊದಲು ಹಲ್ಲು ಕಂದುಗಟ್ಟುತ್ತದೆ. ರೋಗವು ಬಲಿತರೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತರುವ ರೈತನೊಬ್ಬನು ಇಂತಹ ಮೊಣಕಾಲುಗಳಿಂದ ಮೆಟ್ಟಿಲ ಮುಂದೆ ನಿಂತರೆ, ಅದನ್ನು ಕೇವಲ ವಿಧಿಯೆನ್ನಲಾಗದು. ಊರಿನ ನೀರೇ ಬಗ್ಗಿಸಿದ ಬೆನ್ನಿಗೆ ಊರಿನ ಕಚೇರಿಯು ದಾರಿ ಕೊಡುವುದು ದಾನವಲ್ಲ, ಋಣಪರಿಹಾರ.

ಎರಡನೆಯ ಸಮಾಧಾನವನ್ನು ಪರಿಶೀಲಿಸಲು ಕಾನೂನಿನ ಕಾಲಕ್ರಮವನ್ನು ನೋಡಬೇಕು. ರಸ್ತೆ, ಸಾರಿಗೆ, ಕಟ್ಟಡಗಳಲ್ಲಿ ಅಂಗವಿಕಲರಿಗೆ ಭೇದವಿರಕೂಡದೆಂದು ೧೯೯೫ರ ಅಧಿನಿಯಮವು ವಿಧಿಸಿತು. ಆದರೆ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸಿ ತಪ್ಪಿಸಿಕೊಳ್ಳಲು ಎಡೆಗೊಟ್ಟಿತು. ೨೦೧೬ರ ಅಧಿನಿಯಮವು ಹೆಚ್ಚು ಕಟ್ಟುನಿಟ್ಟಾದುದು. ಅದರಂತೆ, ನಿಗದಿಯಾದ ಮಾನಕಗಳನ್ನು ಪಾಲಿಸದ ಹೊಸ ಕಟ್ಟಡಕ್ಕೆ ಅನುಮತಿ ದೊರೆಯಕೂಡದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗಾಗಿ ಸರಿಪಡಿಸಬೇಕು. ನಿಯಮಗಳು ೨೦೧೭ರ ಜೂನ್ ತಿಂಗಳಲ್ಲಿ ಪ್ರಕಟವಾದುವು. ಆ ಅವಧಿಯು ೨೦೨೨ರಲ್ಲಿಯೇ ಮುಗಿದಿದೆ. ಮಾನಕಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಮೊಕದ್ದಮೆಯಲ್ಲಿ ೨೦೨೪ರ ನವೆಂಬರ್ ೮ರಂದು ತೀರ್ಪಿತ್ತಿತು.

ಈ ವರ್ಷಗಳನ್ನು ಸ್ಥಳೀಯ ಇತಿಹಾಸದ ವರ್ಷಗಳೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ಜಿಲ್ಲೆಯಾದುದು ೨೦೦೭ರಲ್ಲಿ. ಹೊಸ ಜಿಲ್ಲೆಗೆಂದು ಕಟ್ಟಿದ ಕಚೇರಿಗಳೆಲ್ಲವೂ ಮೊದಲ ಅಧಿನಿಯಮಕ್ಕಿಂತ ಹನ್ನೆರಡು ವರ್ಷವಾದರೂ ಕಿರಿಯವು. ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುತ್ತಿದ್ದ ಕಿರುರೈಲಿನ ಹಳಿಗಳ ನಡುವಣ ಅಂತರ ೭೬೨ ಮಿಲಿಮೀಟರ್ ಮಾತ್ರ. ಆ ಮಾರ್ಗವು ೧,೬೭೬ ಮಿಲಿಮೀಟರಿನ ಅಗಲಹಳಿಗೆ ಪರಿವರ್ತನೆ ಹೊಂದಿದುದು ೨೦೧೩ರಲ್ಲಿ. ಆದಕಾರಣ ಅಲ್ಲಿಯೂ ಹಳೆಯದೆಂಬ ನೆಪ ಸಲ್ಲದು. ಗೌರಿಬಿದನೂರು ಬೆಂಗಳೂರು–ಗುಂತಕಲ್ಲು ಮಾರ್ಗದಲ್ಲಿದ್ದು, ಅಲ್ಲಿನ ರೈಲುದಾರಿ ಬಹು ಹಿಂದಿನದು ನಿಜ; ಆದರೆ ಹಳೆಯ ಕಟ್ಟಡಗಳಿಗೆ ಕಾನೂನು ಕೊಟ್ಟ ಗಡುವೇ ಮುಗಿದಿರುವಾಗ ಹಳೆತನವು ಉತ್ತರವಾಗಲಾರದು. ಒಂಬತ್ತನೆಯ ಶತಮಾನಕ್ಕೆ ಸೇರಿದ ಭಾಗಗಳುಳ್ಳ ನಂದಿಯ ಭೋಗನಂದೀಶ್ವರ ದೇವಾಲಯದಂತಹ ಸ್ಮಾರಕಗಳ ವಿಷಯದಲ್ಲಿ ಮಾತ್ರ ಕಷ್ಟವು ನಿಜವಾದುದು. ಅಲ್ಲಿ ಶಿಲೆಗೆ ಧಕ್ಕೆ ತಾರದಂತೆ, ಬೇಕಾದಾಗ ಇಟ್ಟು ತೆಗೆಯಬಹುದಾದ ಮರದ ಇಳಿಜಾರನ್ನು ಯೋಚಿಸಬಹುದು.

ಬೇಕಾದುದು ಎಷ್ಟು ಎಂಬುದಕ್ಕೂ ಲೆಕ್ಕವುಂಟು. ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು. ಅಂದರೆ ೧೫೦ ಮಿಲಿಮೀಟರ್ ಎತ್ತರದ ಮೂರು ಮೆಟ್ಟಿಲುಗಳಿಗೆ ೫.೪ ಮೀಟರ್ ಉದ್ದದ ಇಳಿಜಾರು ಬೇಕು. ಎರಡು ಬದಿಗೂ ಕೈಗೆ ಆಸರೆಯಾಗುವ ಕಂಬಿಯಿರಬೇಕು. ಬಾಗಿಲು ಗಾಲಿಕುರ್ಚಿ ಹೋಗುವಂತೆ ೯೦೦ ಮಿಲಿಮೀಟರ್ ತೆರವಾಗಿರಬೇಕು. ಜಾಗವಿಲ್ಲವೆಂದು ಎರಡು ಮೀಟರಿನಲ್ಲಿ ಮುಗಿಸಿದ ಕಡಿದಾದ ಇಳಿಜಾರು ತಪಾಸಣೆಯ ಕಾಗದದಲ್ಲಿ ‘ಇದೆ’ ಎಂದು ದಾಖಲಾಗಬಹುದು; ಆದರೆ ಗಾಲಿಕುರ್ಚಿಯಲ್ಲಿ ಒಬ್ಬನೇ ಬಂದವನು ಅದನ್ನು ಏರಲಾರನು, ಇಳಿಯುವಾಗ ಉರುಳಿಬೀಳುವ ಅಪಾಯವೂ ಉಂಟು.

ಮೇಲಿನ ವಿವೇಚನೆಯಿಂದ ಎರಡು ಸಮಾಧಾನಗಳೂ ಇತಿಹಾಸದ ಮುಂದೆ ನಿಲ್ಲಲಾರವೆಂಬುದು ವಿದಿತವಾಗುತ್ತದೆ. ಈ ನಾಲ್ಕು ಪಟ್ಟಣಗಳ ಒಂದೊಂದು ಕಚೇರಿಯ ಮೆಟ್ಟಿಲು, ಬಾಗಿಲು, ಶೌಚಾಲಯಗಳನ್ನು ಅಳತೆಪಟ್ಟಿ ಹಿಡಿದು, ಅವುಗಳನ್ನು ಬಳಸಬೇಕಾದವರನ್ನೇ ಜೊತೆಗೆ ಕರೆದುಕೊಂಡು ಅಳೆದು, ಕಟ್ಟಿದ ವರ್ಷದೊಡನೆ ದಾಖಲಿಸಿಡುವುದು ವಿದ್ಯಾರ್ಥಿಗಳಿಂದಲೇ ಆಗಬಹುದಾದ ಕೆಲಸ. ಹೊಣೆ ಯಾರದೆಂದು ಕೇಳುವವರಿಗೆ ಆ ದಾಖಲೆಯು ಆಧಾರವಾದೀತು.