‘ಟಾರ್ಗೆಟ್ ಈಸ್ ಬ್ಯುಸಿ’: ಒಂದು ಹಳೆಯ ತಕರಾರಿನ ಕಥೆ

ಗೋವಾದ ಶಾಲೆಗಳಿಗೆ ಲಿನಕ್ಸ್ ಹೊಸದಲ್ಲ. 2000ರ ದಶಕದ ಆರಂಭದಲ್ಲೇ ‘ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್’ ವಿದೇಶದಿಂದ ಬಂದ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಶಾಲೆಗಳಿಗೆ ಕೊಟ್ಟಿತ್ತು. ಅತ್ತ ಕೇರಳದಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸಿತು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಲಿತದ್ದೂ ಅದರಲ್ಲೇ.

ಹತ್ತು ಕಂಪ್ಯೂಟರುಗಳಿಗೆ ಒಂದೇ ರೀತಿಯ ಲಿನಕ್ಸ್ ಹಾಕಬೇಕಾದರೆ ಕನ್ನಡ ಫಾಂಟು, ಕೀಲಿಮಣೆ ಎಲ್ಲ ಸೇರಿಸಿ ಒಂದು ‘ಇಮೇಜ್’ ಮಾಡಿಕೊಳ್ಳಬೇಕು. ಎಲ್ಲ ಮುಗಿಯಿತು ಎನ್ನುವಾಗ ಬರುತ್ತದೆ ಈ ಸಂದೇಶ: ಟಾರ್ಗೆಟ್ ಈಸ್ ಬ್ಯುಸಿ.

ಇದರ ಬೇರು ಯುನಿಕ್ಸ್‌ನಲ್ಲಿದೆ. 1971ರ ಮೊದಲ ಕೈಪಿಡಿಯಲ್ಲೇ ‘ಮೌಂಟ್’, ‘ಯುಮೌಂಟ್’ ಆಜ್ಞೆಗಳಿವೆ (ಎರಡನೆಯದರಲ್ಲಿ ‘ಎನ್’ ಅಕ್ಷರ ಏಕೆ ಬಿಟ್ಟರೋ!). ಆಗ ಡಿಸ್ಕ್ ಪ್ಯಾಕ್‌ಗಳನ್ನು ಕೈಯಿಂದಲೇ ಹಾಕಿ ತೆಗೆಯಬೇಕಿತ್ತು. ಕಡತ ತೆರೆದಿರುವಾಗ ತೆಗೆದರೆ ದತ್ತಾಂಶ ಹಾಳು. ಸಂಜೆ ಬೀಗ ಹಾಕುವ ಮೊದಲು ಕೋಣೆಯೊಳಗೆ ಮಗು ಉಳಿದಿದೆಯೇ ಎಂದು ನಾವು ಇಣುಕುತ್ತೇವಲ್ಲ, ಹಾಗೆ.

1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ‘ಚೇಂಜ್ ರೂಟ್’ ಬಂತು. ಒಂದು ಫೋಲ್ಡರನ್ನೇ ಇಡೀ ವ್ಯವಸ್ಥೆ ಎಂಬಂತೆ ತೋರಿಸುವ ಉಪಾಯವಿದು. ಇಮೇಜ್ ಕಟ್ಟುವುದು ಅದರೊಳಗೇ. 2001ರ ಲಿನಕ್ಸ್ 2.4ರಲ್ಲಿ ‘ಬೈಂಡ್ ಮೌಂಟ್’ ಬಂದು, ಒಂದೇ ಫೋಲ್ಡರನ್ನು ಎರಡು ಕಡೆ ಕಾಣಿಸಲು ಸಾಧ್ಯವಾಯಿತು. ಅನುಕೂಲವೇನೋ ಹೌದು, ಅಪಾಯವೂ ಅಲ್ಲೇ ಇದೆ.

ನಾನೊಮ್ಮೆ ಫಾಂಟುಗಳಿಗೆಂದು ನನ್ನ ಹೋಮ್ ಫೋಲ್ಡರನ್ನು ಇಮೇಜಿನೊಳಗೆ ಹೀಗೆ ಬೈಂಡ್ ಮಾಡಿದ್ದೆ. ಕೊನೆಗೆ ‘ಬ್ಯುಸಿ’ ಎಂದಿತು. ಸಿಟ್ಟಿನಲ್ಲಿ ಇಮೇಜಿನ ಫೋಲ್ಡರನ್ನೇ ಅಳಿಸಿಬಿಟ್ಟೆ. ಅಳಿಸುವ ಆಜ್ಞೆ ಬೈಂಡ್ ಆಗಿದ್ದ ಬಾಗಿಲಿನಿಂದ ಒಳಹೊಕ್ಕು, ಎರಡು ವರ್ಷದ ಪ್ರಶ್ನೆಪತ್ರಿಕೆಗಳನ್ನೂ ಗುಡಿಸಿಹಾಕಿತು. ಬೇಡ ಎಂದು ಕಂಪ್ಯೂಟರು ಮೊದಲೇ ಹೇಳಿತ್ತು, ಕೇಳದವನು ನಾನು.

‘ಯುಮೌಂಟ್ -ಎಲ್’ ಹಾಕಿ ಎಂದು ಹಲವರು ಹೇಳುತ್ತಾರೆ. 2001ರಲ್ಲೇ, 2.4.11ರಲ್ಲಿ ಬಂದ ಸೌಲಭ್ಯವಿದು. ಅದು ಮೌಂಟನ್ನು ಕಣ್ಣಿಂದ ಮರೆಮಾಡುತ್ತದೆ ಅಷ್ಟೇ. ಬಳಸುತ್ತಿರುವ ಪ್ರೋಗ್ರಾಂ ನಿಲ್ಲುವವರೆಗೂ ಒಳಗೆ ಉಳಿದೇ ಇರುತ್ತದೆ. ಆಗಲೇ ಇಮೇಜ್ ನಕಲು ಮಾಡಿದರೆ ಅರೆಬರೆ ಪ್ರತಿ ಸಿಕ್ಕೀತು. ನನಗೆ ಇದು ಹಿಡಿಸದು.

‘ಫ್ಯೂಸರ್ -ವಿಎಂ’ ಕೊಟ್ಟು ನೋಡಿದರೆ ಹೆಚ್ಚಾಗಿ ಸಿಗುವುದು ಪ್ಯಾಕೇಜ್ ಹಾಕುವಾಗ ತಾನಾಗಿ ಎದ್ದ ಯಾವುದೋ ಸೇವೆ. ಡೆಬಿಯನ್‌ನಲ್ಲಿ ‘ಪಾಲಿಸಿ-ಆರ್‌ಸಿ.ಡಿ’ ಎಂಬ ಪುಟ್ಟ ಕಡತ 101 ಎಂದು ಉತ್ತರಿಸುವಂತೆ ಇಟ್ಟರೆ ಅವು ಏಳುವುದೇ ಇಲ್ಲ. ಕೆಲವೊಮ್ಮೆ ಸಿಗುವುದು ಆ ಫೋಲ್ಡರಿನೊಳಗೇ ನಿಂತಿರುವ ನಮ್ಮದೇ ಟರ್ಮಿನಲ್. ಆಗ ಒಂದು ‘ಸಿಡಿ’ ಹೊಡೆದು ಹೊರಬಂದರೆ ಸಾಕು.